ಚಂದ್ರನ ಮೇಲೆ ಓಡಿದ ಆಟಿಕೆ: ಶಾಲೆಗೆ ಕೊಳ್ಳಬೇಕೇ, ಬೇಡವೇ?



ರೂಪ ಬದಲಿಸುವ ಆಟಿಕೆಗಳನ್ನು ಕೂಡಿಡುವುದು ನನಗೆ ಬಹಳ ವರ್ಷಗಳ ಹವ್ಯಾಸ. ಮಡಚಿದರೆ ಕಾರು, ಬಿಚ್ಚಿದರೆ ಮನುಷ್ಯ. ಒಂದು ಕಡೆ ತಿರುಗಿಸಿದರೆ ವಿಮಾನ, ಇನ್ನೊಂದು ಕಡೆ ತಿರುಗಿಸಿದರೆ ಸೈನಿಕ. ವಾಳಪೈ ಪೇಟೆಯಲ್ಲಿ ನೂರೈವತ್ತು ರೂಪಾಯಿಗೆ ಸಿಕ್ಕವೂ ನನ್ನ ಬೀರುವಿನಲ್ಲಿವೆ, ಚೋರ್ಲಾ ಘಾಟು ಹತ್ತಿ ಬೆಳಗಾವಿಗೆ ಹೋದಾಗ ತಂದವೂ ಇವೆ. "ಮಾಸ್ತರಿಗೆ ಇನ್ನೂ ಆಟ ಬಿಟ್ಟಿಲ್ಲ" ಅಂತ ಸಹೋದ್ಯೋಗಿಗಳು ನಗುತ್ತಾರೆ. ನಗಲಿ ಬಿಡಿ. ಈ ಸಲ ಕೈಗೆ ಬಂದಿರುವ ಆಟಿಕೆಯ ಬಗ್ಗೆ ನಿಮಗೆ ಹೇಳಲೇಬೇಕು. ಯಾಕಂದ್ರೆ ಇದರ ನಿಜವಾದ ಅಣ್ಣ ಚಂದ್ರನ ಮೇಲೆ ಓಡಿದ್ದಾನೆ.

ಆಟಿಕೆಯ ಹೆಸರು ಸೋರಾ-ಕ್ಯೂ. ಮಾಡಿದವರು ಜಪಾನಿನ ಟಕಾರಾ ಟೋಮಿ ಕಂಪನಿ. 2023ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ಮಾರಾಟಕ್ಕೆ ಬಂತು. ಬೆಲೆ 27,500 ಯೆನ್, ನಮ್ಮ ಲೆಕ್ಕದಲ್ಲಿ 15,000 ರೂಪಾಯಿಯ ಆಸುಪಾಸು. ಪರಿಚಿತರೊಬ್ಬರು ಜಪಾನಿನಿಂದ ಬರುವಾಗ ತಂದುಕೊಟ್ಟರು. ನೋಡಲು ಸುಮಾರು 8 ಸೆಂಟಿಮೀಟರ್ ವ್ಯಾಸದ ಗುಂಡು, ಕ್ರಿಕೆಟ್ ಚೆಂಡಿಗಿಂತ ಸ್ವಲ್ಪ ದೊಡ್ಡದು. ಈ ಗುಂಡು ನಡುವೆ ಬಿಚ್ಚಿಕೊಂಡರೆ ಎರಡು ಅರ್ಧಗಳೂ ಎರಡು ಗಾಲಿಗಳಾಗುತ್ತವೆ, ಒಳಗಿನಿಂದ ಕ್ಯಾಮೆರಾ ಹೊರಗೆ ಬರುತ್ತದೆ, ಹಿಂದೆ ಸಮತೋಲನಕ್ಕೆ ಒಂದು ಬಾಲ. ಮೊಬೈಲಿನಿಂದ ಓಡಿಸಬೇಕು.

ಟಕಾರಾ ಅಂದರೆ ಯಾರು ಗೊತ್ತೇ? 1980ರಲ್ಲಿ ಡಯಾಕ್ಲೋನ್ ಎಂಬ ಮಡಚುವ ಆಟಿಕೆಗಳನ್ನು ತಂದವರು. ಅವನ್ನೂ ಅದೇ ಕಂಪನಿಯ ಮೈಕ್ರೋಚೇಂಜ್ ಆಟಿಕೆಗಳನ್ನೂ ಅಮೆರಿಕದ ಹ್ಯಾಸ್ಬ್ರೋ ಕಂಪನಿ 1984ರಲ್ಲಿ ಹೊಸ ಹೆಸರಿಟ್ಟು ಮಾರಿತು. ಆ ಹೆಸರೇ ಟ್ರಾನ್ಸ್‌ಫಾರ್ಮರ್ಸ್. ನಮ್ಮ ಮಕ್ಕಳು ಟಿವಿಯಲ್ಲಿ ನೋಡುವುದು ಅದನ್ನೇ. ಟಕಾರಾ ಮತ್ತು ಟೋಮಿ 2006ರಲ್ಲಿ ಒಂದಾದವು. ಮುಂದೆ 2016ರಲ್ಲಿ ಜಪಾನಿನ ಬಾಹ್ಯಾಕಾಶ ಸಂಸ್ಥೆ ಜಾಕ್ಸಾ ಈ ಆಟಿಕೆ ಕಂಪನಿಯ ಜೊತೆ ಸೇರಿ ಸಂಶೋಧನೆ ಶುರು ಮಾಡಿತು. ಆಮೇಲೆ ಸೋನಿ ಕಂಪನಿಯೂ ದೋಶಿಶಾ ವಿಶ್ವವಿದ್ಯಾಲಯವೂ ಸೇರಿಕೊಂಡವು.

ಬಾಹ್ಯಾಕಾಶ ವಿಜ್ಞಾನಿಗಳಿಗೆ ಆಟಿಕೆ ಮಾಡುವವರು ಯಾಕೆ ಬೇಕಾದರು? ಈ ಪ್ರಶ್ನೆಯನ್ನು ತರಗತಿಯಲ್ಲಿ ಕೇಳಿ ನೋಡಿ. ಉತ್ತರ ಸರಳ. ಚಂದ್ರನಿಗೆ ಒಯ್ಯುವ ಒಂದೊಂದು ಗ್ರಾಮಿಗೂ ಲೆಕ್ಕ, ಒಂದೊಂದು ಬೆರಳಿನಷ್ಟು ಜಾಗಕ್ಕೂ ಲೆಕ್ಕ. ಕಡಿಮೆ ಭಾಗಗಳಲ್ಲಿ, ಸಣ್ಣ ಜಾಗದಲ್ಲಿ ಮಡಚಿ ಕೂತು, ಬೇಕಾದಾಗ ಬಿಚ್ಚಿಕೊಂಡು, ಬಿದ್ದರೂ ಮುರಿಯದ ವಸ್ತುವನ್ನು ಮಾಡುವ ಕಲೆ ಆಟಿಕೆಯವರಿಗೆ ಗೊತ್ತು. ಮಕ್ಕಳ ಕೈಗೆ ಕೊಡುವ ವಸ್ತು ಅಂದ್ರೆ ಸುಮ್ನೇನಾ?

ಹೀಗೆ ತಯಾರಾದ ರೋಬೋಟಿನ ಅಧಿಕೃತ ಹೆಸರು ಲೆವ್-2. ತೂಕ ಸುಮಾರು 250 ಗ್ರಾಂ, ಅಂದರೆ ಪಾವು ಕಿಲೋ ಸಕ್ಕರೆಯ ಪೊಟ್ಟಣದಷ್ಟು. ನಮ್ಮ ಚಂದ್ರಯಾನ-3ರ ಪ್ರಜ್ಞಾನ್ ರೋವರ್ 26 ಕಿಲೋ ಇತ್ತು, ಇದರ ನೂರು ಪಟ್ಟು. 2023ರ ಆಗಸ್ಟ್ 23ರಂದು ವಿಕ್ರಮ್ ಇಳಿದಾಗ ನಾವು ಚಂದ್ರನ ಮೇಲೆ ಮೆಲ್ಲಗೆ ಇಳಿದ ನಾಲ್ಕನೆಯ ದೇಶವಾದೆವು. ಜಪಾನಿನ ಕಾಲಮಾನದಂತೆ 2024ರ ಜನವರಿ 20ರಂದು (ನಮಗೆ ಇನ್ನೂ 19ರ ರಾತ್ರಿ) ಸ್ಲಿಮ್ ಎಂಬ ನೌಕೆ ಇಳಿದಾಗ ಜಪಾನ್ ಐದನೆಯದಾಯಿತು. ಗುರಿಯಿಂದ ಸುಮಾರು 55 ಮೀಟರ್ ದೂರದಲ್ಲಿ ಇಳಿಯಿತು. ಆದರೆ ಇಳಿಯುವ ಕೊನೆಯ ಹಂತದಲ್ಲಿ ಎರಡು ಎಂಜಿನ್‌ಗಳಲ್ಲಿ ಒಂದು ಕೈಕೊಟ್ಟಿತು, ನೌಕೆ ಮೂಗಿನ ಮೇಲೆ ನಿಂತಿತು. ಅದು ಹಾಗೆ ನಿಂತಿದೆ ಅಂತ ಕಣ್ಣಿಗೆ ಕಾಣುವಂತೆ ತೋರಿಸಿದ್ದು ಯಾರು? ನೆಲ ಮುಟ್ಟುವ ಸ್ವಲ್ಪ ಮೊದಲು ಹೊರಗೆ ಉದುರಿದ್ದ ಈ ಪುಟ್ಟ ಗುಂಡು. ಅದು ಬಿಚ್ಚಿಕೊಂಡಿತು, ಓಡಿತು, ತಿರುಗಿ ಫೋಟೋ ತೆಗೆಯಿತು, ತೆಗೆದದ್ದರಲ್ಲಿ ನೌಕೆ ಸರಿಯಾಗಿ ಕಾಣುವ ಚಿತ್ರವನ್ನು ತಾನೇ ಆರಿಸಿತು, ಜೊತೆಗಿದ್ದ ಲೆವ್-1 ಎಂಬ ಕುಪ್ಪಳಿಸುವ ರೋವರ್ ಮೂಲಕ ಭೂಮಿಗೆ ಕಳಿಸಿತು. ಆ ಹೊತ್ತಿನಲ್ಲಿ ಯಾರೂ ರಿಮೋಟು ಒತ್ತುತ್ತಿರಲಿಲ್ಲ.

ಈಗ ಆಟಿಕೆಗೆ ಬರೋಣ. ಸಂಗ್ರಾಹಕನಾಗಿ ಹೇಳುವುದಾದರೆ, ನನ್ನ ಬೀರುವಿನಲ್ಲಿ ಇಷ್ಟು ಅರ್ಥವಿರುವ ಆಟಿಕೆ ಇನ್ನೊಂದಿಲ್ಲ. ಬೇರೆ ಆಟಿಕೆಗಳಲ್ಲಿ ಕಾರು ಮನುಷ್ಯನಾಗುವುದು ಬರೀ ಕಥೆಗಾಗಿ. ಇಲ್ಲಿ ರೂಪ ಬದಲಾಗುವುದಕ್ಕೆ ಕಾರಣ ಇದೆ: ಸಾಗಿಸುವಾಗ ಗುಂಡು ಚೆನ್ನ, ಓಡುವಾಗ ಗಾಲಿ ಚೆನ್ನ. ಗಾತ್ರವೂ ಚಂದ್ರನಿಗೆ ಹೋದದ್ದರಷ್ಟೇ. ಅಂಗೈಯಲ್ಲಿ ಇಟ್ಟುಕೊಂಡರೆ "ಇಷ್ಟೇನಾ?" ಅನ್ನಿಸುತ್ತದೆ. ಆ "ಇಷ್ಟೇನಾ" ಅನ್ನುವುದೇ ಪಾಠ.

ಎಲ್ಲಕ್ಕಿಂತ ಸೊಗಸಾದದ್ದು ಗಾಲಿಯ ಅಚ್ಚು. ಏಳನೇ ತರಗತಿಯ ಒಬ್ಬ ಹುಡುಗ ಐದು ನಿಮಿಷ ತಿರುಗಿಸಿ ನೋಡಿ, "ಸರ, ಇದ್ರ ಅಚ್ಚು ನಡುವ ಇಲ್ರಿ, ಒಂದ್ ಕಡೆ ಸರದೈತಿ" ಅಂದ. ಸರಿಯಾಗಿಯೇ ಹಿಡಿದ. ಅಚ್ಚು ಬೇಕೆಂದೇ ಕೇಂದ್ರದಿಂದ ಪಕ್ಕಕ್ಕಿದೆ. ಚಂದ್ರನ ಗುರುತ್ವ ನಮ್ಮದರ ಆರನೇ ಒಂದು ಪಾಲು. 250 ಗ್ರಾಮಿನ ರೋಬೋಟು ಅಲ್ಲಿ ನೆಲವನ್ನು ಒತ್ತುವುದು ಇಲ್ಲಿ ಸುಮಾರು 42 ಗ್ರಾಂ ಒತ್ತುವಷ್ಟು ಮಾತ್ರ. ಒತ್ತಡ ಕಡಿಮೆ, ಹಿಡಿತ ಕಡಿಮೆ, ಕೆಳಗೆ ಹಿಟ್ಟಿನಂಥ ಧೂಳು. ಮಾಮೂಲಿ ಗಾಲಿ ನಿಂತಲ್ಲೇ ಗಿರಕಿ ಹೊಡೆಯುವ ಅಪಾಯವಿದೆ. ಅಚ್ಚು ಪಕ್ಕಕ್ಕೆ ಸರಿದಿದ್ದರೆ ಮೈ ಎದ್ದು ಎದ್ದು ಕೂರುತ್ತದೆ, ಗಾಲಿ ಧೂಳನ್ನು ಹಿಂದಕ್ಕೆ ತಳ್ಳುತ್ತದೆ. ಎರಡೂ ಗಾಲಿ ಒಟ್ಟಿಗೆ ಏಳುವುದು ಒಂದು ಓಟ, ಒಂದಾದ ಮೇಲೊಂದು ಏಳುವುದು ಇನ್ನೊಂದು ಓಟ. ಎರಡನೆಯದನ್ನು ನೋಡಿದರೆ ಮರಳಿನಲ್ಲಿ ತೆವಳುವ ಆಮೆಮರಿ ನೆನಪಾಗುತ್ತದೆ. ದಪ್ಪ ಕಂಬಳಿಯ ಮೇಲೆ ಬಿಟ್ಟರೆ ಈ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ನಿಜವಾದ ಮರಳಿನ ಮೇಲೆ ಮಾತ್ರ ಬಿಡಬೇಡ್ರಿ, ಹಲ್ಲುಗಾಲಿಗೆ ಕಣ ಹೊಕ್ಕರೆ ಮುಗೀತು.

ಇಷ್ಟು ಹೊಗಳಿದ ಮೇಲೂ ನನ್ನ ಅಭಿಪ್ರಾಯ ಒಂದೇ: ಇದನ್ನು ಶಾಲೆಗೆ ಕೊಳ್ಳಬೇಡಿ.

ಮೊದಲನೆಯದು ಬೆಲೆ. 15,000 ರೂಪಾಯಿಯ ವಸ್ತುವನ್ನು ಮೂವತ್ತು ಮಕ್ಕಳ ಕೈಗೆ ಕೊಡುವ ಧೈರ್ಯ ನಮಗೆ ಬರುವುದಿಲ್ಲ. ಮೇಷ್ಟ್ರು ಓಡಿಸುತ್ತಾರೆ, ಮಕ್ಕಳು ಕೈಕಟ್ಟಿ ನೋಡುತ್ತಾರೆ. ಎರಡನೆಯದು ಮೊಬೈಲ್ ಆ್ಯಪ್. ಫೋನು ಬದಲಾಗುತ್ತದೆ, ಕಂಪನಿ ಆ್ಯಪ್ ನಿಲ್ಲಿಸಿದರೆ ಗಟ್ಟಿಮುಟ್ಟಾದ ಆಟಿಕೆಯೂ ಸತ್ತಂತೆಯೇ. ನನ್ನ ಹತ್ತಿರದ ಹಳೆಯ ಮಡಚುವ ಕಾರುಗಳಿಗೆ ಬೆರಳು ಇದ್ದರೆ ಸಾಕು. ಮೂರನೆಯದು, ಬಿಚ್ಚಿ ಜೋಡಿಸುವ ಹಾಗಿಲ್ಲ. ಒಳಗೆ ಏನಿದೆ ಅಂತ ನೋಡಲಾಗದ ವಸ್ತು ವಿಜ್ಞಾನದ ತರಗತಿಗೆ ಅರ್ಧ ಮಾತ್ರ ಉಪಯೋಗ.

ಗುಂಡಿ ಒತ್ತಿದರೆ ತಾನೇ ರೂಪ ಬದಲಿಸುವ ಇನ್ನೂ ದುಬಾರಿ ರೋಬೋಟುಗಳಿವೆ. 2021ರಲ್ಲಿ ರೋಬೋಸೆನ್ ಕಂಪನಿ ತಂದ ಆಪ್ಟಿಮಸ್ ಪ್ರೈಮ್‌ನಲ್ಲಿ 27 ಸರ್ವೋ ಮೋಟಾರುಗಳು, 60 ಚಿಪ್‌ಗಳು. ಆಗ ಬೆಲೆ 699 ಡಾಲರ್ ಇತ್ತು. ಅದ್ಭುತ ಎಂಜಿನಿಯರಿಂಗ್, ಅನುಮಾನವಿಲ್ಲ. ಆದರೆ ಈ ಭಾಗ ಎಲ್ಲಿಗೆ ಹೋಗಬೇಕು, ಯಾವುದು ಮೊದಲು ತಿರುಗಬೇಕು ಎಂದು ತಲೆ ಕೆರೆದುಕೊಳ್ಳುವ ಕೆಲಸವನ್ನೂ ಅದೇ ಮಾಡಿಬಿಟ್ಟರೆ ಮಗುವಿಗೆ ಉಳಿಯುವುದೇನು?

ಇದನ್ನೆಲ್ಲ ಈಗ ಯಾಕೆ ಬರೆಯುತ್ತಿದ್ದೇನೆ ಅಂದರೆ, ರಾಷ್ಟ್ರೀಯ ಶಿಕ್ಷಣ ನೀತಿ 2020ರ ನಂತರ ಆಟಿಕೆ ಆಧಾರಿತ ಕಲಿಕೆಯ ಮಾತು ಎಲ್ಲ ತರಬೇತಿಗಳಲ್ಲೂ ಬರುತ್ತಿದೆ. ಜೊತೆಗೆ ರೋಬೋಟಿಕ್ಸ್ ಕಿಟ್ ಮಾರುವವರೂ ಬರುತ್ತಿದ್ದಾರೆ. ನಮ್ಮಂಥ ಶಾಲೆಗಳಲ್ಲಿ ಇರುವುದೇ ಚೂರುಪಾರು ಹಣ, ದಾನಿಗಳಿಂದ ಕಾಡಿ ಬೇಡಿ ತಂದದ್ದು. ನಾನು ನೋಡಿದ ಒಂದು ಶಾಲೆಯಲ್ಲಿ ಇಂಥ ಕಿಟ್ ಎರಡು ವರ್ಷದಿಂದ ಬೀಗ ಹಾಕಿದ ಬೀರುವಿನಲ್ಲಿದೆ. ಒಂದು ಭಾಗ ಕಳೆದರೆ ಯಾರು ಜವಾಬ್ದಾರಿ ಎಂಬ ಭಯ. ನಮ್ಮ ಮಕ್ಕಳ ತಂದೆ ಗಾರೆ ಕೆಲಸದವರು, ಗ್ಯಾರೇಜಿನವರು, ಲಾರಿ ಕ್ಲೀನರುಗಳು. ಮನೆಯಲ್ಲಿ ಪಾನಾ, ಸ್ಕ್ರೂ, ಬೇರಿಂಗ್ ನೋಡಿ ಬೆಳೆದ ಮಕ್ಕಳಿವರು. ಶಾಲೆಗೆ ಬಂದ ಮೇಲೆ "ಮುಟ್ಟಬೇಡ" ಅಂತ ಕೇಳಿದರೆ, ವಿಜ್ಞಾನ ಅಂದ್ರೆ ಬೇರೆಯವರ ಸೊತ್ತು ಅಂತಲೇ ತಿಳಿದುಕೊಳ್ಳುತ್ತಾರೆ.

ಹಾಗಾದರೆ ಏನು ಮಾಡಬೇಕು? ಪೇಟೆಯಲ್ಲಿ ಸಿಗುವ ಮಡಚುವ ಕಾರುಗಳನ್ನು ನಾಲ್ಕೈದು ತನ್ನಿ. ಒಂದು ಗುಂಪಿಗೆ ಒಂದು. ಅದರಲ್ಲಿ ಕನಿಷ್ಠ ಮೂರು ಪಾಠಗಳಿವೆ.

ಒಂದು, ಕೀಲುಗಳು. ಮೊಣಕಾಲು ಬಾಗಿಲಿನಂತೆ ಒಂದೇ ದಿಕ್ಕಿಗೆ ಮಡಚುತ್ತದೆ, ಅದು ಬಿಜಾಗರಿ ಕೀಲು. ಭುಜ ಸುತ್ತಲೂ ತಿರುಗುತ್ತದೆ, ಅದು ಚೆಂಡು-ಗುಳಿ ಕೀಲು. ಆಟಿಕೆಯ ಕೀಲನ್ನೂ ತಮ್ಮ ಮೈಯ ಕೀಲನ್ನೂ ಮಕ್ಕಳು ಹೋಲಿಸಿ ಪಟ್ಟಿ ಮಾಡಲಿ.

ಎರಡು, ಗುರುತ್ವ ಕೇಂದ್ರ. ಕಾರಿನ ರೂಪದಲ್ಲಿ ಅಡ್ಡಲಾಗಿ ಒಂದು ಹಲಗೆಯ ಮೇಲಿಟ್ಟು ಮೆಲ್ಲಗೆ ಓರೆ ಮಾಡಿ. ಎಷ್ಟು ಡಿಗ್ರಿಗೆ ಮಗುಚಿತು? ಕೋನಮಾಪಕದಲ್ಲಿ ಅಳೆಯಿರಿ. ಈಗ ಮನುಷ್ಯನ ರೂಪಕ್ಕೆ ತಂದು ನಿಲ್ಲಿಸಿ ಮತ್ತೆ ಓರೆ ಮಾಡಿ. ಒಂದು ಚೂರೂ ಸೇರಿಸಿಲ್ಲ, ತೆಗೆದಿಲ್ಲ, ತೂಕ ಅದೇ. ಆದರೂ ಬೇಗ ಬೀಳುತ್ತದೆ. ಯಾಕೆ? ಉತ್ತರ ಮಕ್ಕಳಿಂದಲೇ ಬರಲಿ.

ಮೂರು, ಚಂದ್ರನ ಗಾಲಿ. ಒಂದೇ ಅಳತೆಯ ನಾಲ್ಕು ಡಬ್ಬಿ ಮುಚ್ಚಳ ತೆಗೆದುಕೊಳ್ಳಿ. ಎರಡಕ್ಕೆ ಸರಿಯಾಗಿ ನಡುವೆ ತೂತು, ಇನ್ನೆರಡಕ್ಕೆ ನಡುವಿಗೂ ಅಂಚಿಗೂ ಮಧ್ಯೆ ತೂತು. ಬಿದಿರಿನ ಕಡ್ಡಿ ತೂರಿಸಿ ಗಟ್ಟಿಯಾಗಿ ಅಂಟಿಸಿ. ಬೆಂಕಿಪೊಟ್ಟಣದ ಗಾಡಿಗೆ ಜೋಡಿಸಿ, ಕಡ್ಡಿಗೆ ರಬ್ಬರ್ ಬ್ಯಾಂಡ್ ಸುತ್ತಿ, ಒಣ ಮರಳು ತುಂಬಿದ ತಟ್ಟೆಯಲ್ಲಿ ಬಿಡಿ. ಎರಡೂ ಗಾಡಿಗೆ ಸುತ್ತು ಅಷ್ಟೇ ಇರಬೇಕು. ಯಾವುದು ಎಷ್ಟು ಸೆಂಟಿಮೀಟರ್ ಹೋಯಿತು, ಯಾವುದು ನಿಂತಲ್ಲೇ ಹೂತಿತು? ಮುಚ್ಚಳದ ಗಾತ್ರ, ತೂತಿನ ಜಾಗ, ಮರಳಿನ ನುಣುಪು ಬದಲಿಸಿದರೆ ಏನಾಗುತ್ತದೆ? ಫಲಿತಾಂಶ ನಾನು ಬರೆಯುವುದಿಲ್ಲ. ಮಕ್ಕಳೇ ಅಳೆದು ಬರೆಯಲಿ. ಕಸದಿಂದ ಆಟಿಕೆ ಮಾಡಿ ವಿಜ್ಞಾನ ಹೇಳಿಕೊಟ್ಟ ಅರವಿಂದ ಗುಪ್ತ ಅವರ ದಾರಿ ನಮಗೆ ಹೊಸದೇನಲ್ಲ.

ಕೊಳ್ಳುವಾಗ ಎರಡು ಎಚ್ಚರ. ನಮ್ಮ ದೇಶದಲ್ಲಿ 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯ. ಪೊಟ್ಟಣದ ಮೇಲೆ ನೋಡಿಯೇ ತನ್ನಿ. ಬಟನ್ ಸೆಲ್, ಸಣ್ಣ ಅಯಸ್ಕಾಂತ ಸುಲಭವಾಗಿ ಕಳಚಿ ಬರುವಂಥದ್ದು ಬೇಡವೇ ಬೇಡ, ಚಿಕ್ಕ ಮಕ್ಕಳು ನುಂಗಿದರೆ ಜೀವಕ್ಕೇ ಅಪಾಯ. ಇನ್ನು ನಮ್ಮ ಸತ್ತರಿಯ ಮಳೆ ನಿಮಗೆ ಗೊತ್ತೇ ಇದೆ. ಮೇ ತಿಂಗಳಲ್ಲೇ ಬ್ಯಾಟರಿ ತೆಗೆದಿಡಿ, ಸ್ಕ್ರೂಗಳಿಗೆ ಒಂದು ಹನಿ ಎಣ್ಣೆ ಬಿಡಿ, ಬಿಸಿಲು ನೇರ ಬೀಳುವ ಕಿಟಕಿಯಲ್ಲಿ ಇಡಬೇಡಿ. ಪ್ಲಾಸ್ಟಿಕ್ ಹಳದಿಯಾಗುತ್ತದೆ, ಆಮೇಲೆ ಪುಡಿಯಾಗುತ್ತದೆ.

ಪೊಟ್ಟಣ ಒಡೆಯದೆ ಇಟ್ಟರೆ ಬೆಲೆ ಏರುತ್ತದೆ ಎನ್ನುವ ಸಂಗ್ರಾಹಕರಿದ್ದಾರೆ. ಅವರ ಲೆಕ್ಕ ಅವರಿಗೆ. ನನ್ನ ಸೋರಾ-ಕ್ಯೂವನ್ನು ನೋಡಬೇಕೆನ್ನುವ ಶಾಲೆಗೆ ಒಂದು ದಿನದ ಮಟ್ಟಿಗೆ ನಾನೇ ತರುತ್ತೇನೆ, ಮಕ್ಕಳು ಮುಟ್ಟಲಿ. ಬದಲಿಗೆ ನನಗೆ ಬೇಕಾದದ್ದು ಒಂದೇ: ನಿಮ್ಮ ಮಕ್ಕಳು ಮುಚ್ಚಳದ ಗಾಡಿ ಓಡಿಸಿ ಅಳೆದ ಅಂಕಿಗಳು. ಯಾವ ಮರಳು, ಎಷ್ಟು ಸುತ್ತು, ಎಷ್ಟು ದೂರ, ಇಷ್ಟನ್ನು ಅವರದೇ ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಬರೆಸಿ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಎಲ್ಲ ಶಾಲೆಗಳ ಅಂಕಿಗಳನ್ನು ಒಂದೇ ಕೋಷ್ಟಕದಲ್ಲಿ ಹಾಕೋಣ.