ಯಾರ ಸಂಸ್ಕೃತಿ, ಯಾರಿಗೆ ಸೇವೆ?

ನಮ್ಮ ಅರಿಶಿನಕುಂಟೆಯ ಕೇರಿ ಹುಡುಗನೊಬ್ಬ ಡಿಗ್ರಿ ಮುಗಿಸಿ, ಆಮೇಲೆ ಬೆಂಗಳೂರಲ್ಲಿ ಬಿ.ಡಿ. ಓದಿ, ಈಗ ಎಂ.ಟಿಎಚ್.ಗೆ ಅರ್ಜಿ ಹಾಕಿದ್ದಾನೆ. ವಿಷಯ: ಕ್ರೈಸ್ತ ಮಿಶನ್ ಮತ್ತು ಅಂತರ-ಸಂಸ್ಕೃತಿ ಸೇವೆ. ಸುದ್ದಿ ಕೇಳಿದ ಅವರಜ್ಜಿ, "ಮಿಷನ್ ಓದು ಅಂದ್ರೆ ಒಳ್ಳೇದೇ ಬಿಡಪ್ಪ, ಪೀಣ್ಯದಲ್ಲಿ ಎಲ್ಲಾದ್ರೂ ಕೆಲ್ಸ ಸಿಕ್ತದೆ" ಅಂತು. ಜಗಲಿ ಮೇಲೆ ಕೂತಿದ್ದ ನಾವೆಲ್ಲ ನಕ್ಕೆವು. ಅಜ್ಜಿ ಬಿಡಲಿಲ್ಲ. "ಮಿಷನ್ ರಿಪೇರಿ ಅಲ್ದಿದ್ರೆ ಇನ್ನೇನ್ಲಾ ಅದು?" "ಬೇರೆ ಬೇರೆ ಸಂಸ್ಕೃತಿ ಜನದ ಹತ್ರ ಹೋಗಿ ಸೇವೆ ಮಾಡೋದು ಹೆಂಗೆ ಅಂತ ಕಲಿಸ್ತಾರೆ ಅಜ್ಜಿ." "ಬೇರೆ ಜನ ಅಂದ್ರೆ ಯಾರು?"

ಹುಡುಗ ಸುಮ್ಮನಾದ. ನಾವೂ ಸುಮ್ಮನಾದೆವು. ಯಾಕೆಂದರೆ ಆ ಓದಿನ ಪುಸ್ತಕಗಳಲ್ಲಿ ಬರುವ 'ಬೇರೆ ಜನ' ನಾವೇ. ಓದೋಕೆ ಹೋಗುತ್ತಿರುವವನೂ ನಮ್ಮವನೇ. ಅವನು ನಮ್ಮನ್ನು ಕೇಳಿದ್ದು, "ಹೋಗ್ಲಾ, ಬೇಡ್ವಾ ಅಣ್ಣ?" ಅಂತ. ಅವನಿಗೆ ಹೇಳಬೇಕಾದ ಉತ್ತರವನ್ನೇ ಇಲ್ಲಿ ಬರೆಯುತ್ತಿದ್ದೇವೆ, ಅವನಂಥವರು ಇನ್ನೂ ಹಳ್ಳಿಹಳ್ಳಿಯಲ್ಲಿರುವುದರಿಂದ.

ಮೊದಲು ಈ ಓದಿನ ಮನೆಗಳನ್ನು ನೋಡೋಣ. ದೂರ ಏನಿಲ್ಲ. ನಮ್ಮ ತುಮಕೂರು ರಸ್ತೆಯಲ್ಲಿ ಬಸ್ಸು ಹತ್ತಿದರೆ ಬೆಂಗಳೂರು. ಅಲ್ಲಿ ಮಿಲ್ಲರ್ಸ್ ರಸ್ತೆಯ ಯುನೈಟೆಡ್ ಥಿಯಲಾಜಿಕಲ್ ಕಾಲೇಜು 1910ರದ್ದು. ಅದು ಪದವಿ ಕೊಡುವುದು ಬಂಗಾಳದ ಸೆರಾಂಪುರದ ಹೆಸರಲ್ಲಿ. ಆ ಸೆರಾಂಪುರ ಕಾಲೇಜನ್ನು ವಿಲಿಯಂ ಕೇರಿ ಮತ್ತು ಸಂಗಡಿಗರು 1818ರಲ್ಲಿ ಕಟ್ಟಿದರು. ಕೊತ್ತನೂರಿನಲ್ಲೂ ಇಂಥ ಉನ್ನತ ಓದಿನ ಸಂಸ್ಥೆ ಇದೆ. ಹೀಗೆ ಇಡೀ ದೇಶಕ್ಕೆ ಪಾದ್ರಿಗಳನ್ನೂ ಪಂಡಿತರನ್ನೂ ತಯಾರು ಮಾಡುವ ಊರು ನಮ್ಮ ಪಕ್ಕದ್ದೇ.

ಇನ್ನು ಹೆಸರು. ಅಮೆರಿಕದ ಫುಲ್ಲರ್ ಸೆಮಿನರಿ 1965ರಲ್ಲಿ 'ವಿಶ್ವ ಮಿಶನ್ ಶಾಲೆ' ತೆರೆಯಿತು. 2003ರಲ್ಲಿ ಅದಕ್ಕೆ 'ಅಂತರ-ಸಂಸ್ಕೃತಿ ಅಧ್ಯಯನ ಶಾಲೆ' ಅಂತ ಹೆಸರಿಟ್ಟಿತು. ಮಿಶನ್ ಅನ್ನುವ ಮಾತಿಗೆ ಹಳೆಯ ಸಾಮ್ರಾಜ್ಯದ ವಾಸನೆ ಇದೆ. ಸಂಸ್ಕೃತಿ ಅನ್ನುವ ಮಾತು ನಯವಾಗಿದೆ. ನಮ್ಮ ತಕರಾರಿರುವುದು ಆ ನಯದ ಮೇಲೇನೇ. ಸಂಸ್ಕೃತಿ ಅಂದಿರಲ್ಲ, ಯಾರದ್ದು?

ಈ ಪ್ರಶ್ನೆ ನಮಗೆ ಹೊಸದಲ್ಲ. 1973ರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದಾಗ ಬೀದಿಗಿಳಿದವರೆಲ್ಲ 'ಸಂಸ್ಕೃತಿಗೆ ಅವಮಾನ' ಎಂದೇ ಕೂಗಿದ್ದು. ಆ ಸಂಸ್ಕೃತಿಯೊಳಗೆ ನಮ್ಮ ತಮಟೆ ಇರಲಿಲ್ಲ, ನಮ್ಮ ಬೈಗುಳ ಇರಲಿಲ್ಲ, ನಮ್ಮವ್ವಂದಿರ ಸೋಬಾನೆ ಇರಲಿಲ್ಲ. ಪಾದ್ರಿಗಳ ಓದಿನಲ್ಲೂ ನಡೆದದ್ದು ಇದೇ.

ಇಟಲಿಯ ರಾಬರ್ಟ್ ಡಿ ನೊಬಿಲಿ 1606ರಲ್ಲಿ ಮಧುರೆಗೆ ಬಂದ. ಈ ನೆಲದ ಸಂಸ್ಕೃತಿಗೆ ಒಗ್ಗಿಕೊಂಡ ಮಹಾನುಭಾವ ಅಂತ ಅವನನ್ನು ಇವತ್ತಿಗೂ ಪಾಠದಲ್ಲಿ ಹೊಗಳುತ್ತಾರೆ. ಒಗ್ಗಿಕೊಂಡದ್ದು ಯಾವುದಕ್ಕೆ? ಕಾವಿ ಉಟ್ಟ, ಜನಿವಾರ ಹಾಕಿದ, ಮಾಂಸ ಬಿಟ್ಟ, ಸಂಸ್ಕೃತ ಕಲಿತ, ಬ್ರಾಹ್ಮಣ ಸಂನ್ಯಾಸಿಯ ಹಾಗೆ ಬದುಕಿದ. ಮಡಿ ಕೆಡದಿರಲಿ ಅಂತ ಕೀಳು ಅನ್ನಿಸಿಕೊಂಡವರಿಂದ ದೂರ ಇದ್ದ. 1623ರಲ್ಲಿ ಪೋಪ್ ಹದಿನೈದನೇ ಗ್ರೆಗರಿ ಜನಿವಾರ ಜುಟ್ಟುಗಳಿಗೆ ಒಪ್ಪಿಗೆ ಕೊಟ್ಟ. ಮುಂದೆ ಕೆಳಜಾತಿಗಳಿಗೆ ಅಂತಲೇ ಬೇರೆ ಪಾದ್ರಿಗಳನ್ನು ನೇಮಿಸಿದರು. ಸಾಯುತ್ತಿರುವ ಪರೆಯನ ಗುಡಿಸಲ ಒಳಕ್ಕೆ ಪಾದ್ರಿ ಹೋಗಲೇಬೇಕು ಅಂತ 1744ರಲ್ಲಿ ಇನ್ನೊಬ್ಬ ಪೋಪ್ ಅಪ್ಪಣೆ ಹೊರಡಿಸಬೇಕಾಯಿತು! ನೂರು ವರ್ಷಕ್ಕೂ ಮೇಲೆ ನಡೆದ ಈ ಹೊಂದಾಣಿಕೆಯಲ್ಲಿ ಯಾರು ಯಾರಿಗೆ ಹೊಂದಿಕೊಂಡರು?

ನಮ್ಮ ಮೈಸೂರು ಸೀಮೆಯದೇ ಇನ್ನೊಂದು ಕತೆ. ಫ್ರಾನ್ಸಿನ ಅಬ್ಬೆ ದುಬ್ವಾ ಇಲ್ಲಿ ವರ್ಷಾನುಗಟ್ಟಲೆ ತಿರುಗಾಡಿದ. ನಮ್ಮ ಜನದ ನಡೆನುಡಿ ಬಗ್ಗೆ ಅವನ ಹೆಸರಲ್ಲಿದ್ದ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ 1807ರಲ್ಲಿ 2,000 ವರಹ ಕೊಟ್ಟು ಕೊಂಡಿತು. ಅದರಲ್ಲಿ ಬಹಳಷ್ಟು ಅವನಿಗಿಂತ ಹಿಂದಿನ ಜೆಸುಯಿಟ್ ಪಾದ್ರಿ ಕೂರ್ದೂ ಬರೆದದ್ದು ಅಂತ ಆಮೇಲೆ ಪಂಡಿತರು ತೋರಿಸಿದರು. ಕಂಪನಿಗೆ ಅದು ಯಾಕೆ ಬೇಕಿತ್ತು? ಆಳುವವನಿಗೆ ಆಳಿಸಿಕೊಳ್ಳುವವನ ಗುಟ್ಟು ಬೇಕು. ನಮ್ಮನ್ನು ಕುರಿತ ಬರಹ ನಮ್ಮ ಕೈಗೆ ಬಾರದೆ ಹೀಗೆ ಯಾರದೋ ಖಜಾನೆ ಸೇರಿದ್ದು ಅದೇ ಮೊದಲಲ್ಲ, ಕೊನೆಯೂ ಅಲ್ಲ.

ಇಪ್ಪತ್ತನೇ ಶತಮಾನಕ್ಕೆ ಬನ್ನಿ. ಫುಲ್ಲರ್‌ನ ಆ ಮಿಶನ್ ಶಾಲೆಯ ಮೊದಲ ಮುಖ್ಯಸ್ಥ ಡೊನಾಲ್ಡ್ ಮೆಕ್‌ಗಾವ್ರನ್. ಹುಟ್ಟಿದ್ದು 1897ರಲ್ಲಿ ಮಧ್ಯ ಭಾರತದ ದಮೋಹ್‌ನಲ್ಲಿ. ಕೆಲಸ ಮಾಡಿದ್ದು ಛತ್ತೀಸಗಢದ ಸತ್ನಾಮಿಗಳ ನಡುವೆ, ಅಂದರೆ ನಮ್ಮಂಥವರ ನಡುವೆ. ಅಲ್ಲಿ ಕಂಡದ್ದರಿಂದ ಅವನು ಕಟ್ಟಿದ ಸಿದ್ಧಾಂತ ಇದು: ಜನ ಜಾತಿ, ಭಾಷೆ, ವರ್ಗಗಳ ಗಡಿ ದಾಟದೆ ತಮ್ಮತಮ್ಮವರ ಜೊತೆಗೇ ಕ್ರೈಸ್ತರಾಗಲು ಇಷ್ಟಪಡುತ್ತಾರೆ, ಆದ್ದರಿಂದ ಒಂದೊಂದು ಗುಂಪನ್ನು ಗುಂಪಾಗಿಯೇ ಕರೆತನ್ನಿ, ಗಡಿ ಒಡೆಯುವ ಮಾತು ಆಮೇಲೆ. ಈ ಸಿದ್ಧಾಂತ ಕೇರಿಯಲ್ಲಿ ಹುಟ್ಟಿ, ಕಡಲು ದಾಟಿ, ಪಠ್ಯಪುಸ್ತಕವಾಗಿ ತಿರುಗಿ ಕೇರಿಗೆ ಬಂತು. ಒಡೆಯಬೇಕಾದ ಗೋಡೆಯನ್ನೇ ಅವರು ಏಣಿ ಮಾಡಿಕೊಂಡರು. ಆ 'ಆಮೇಲೆ' ಇನ್ನೂ ಬಂದಿಲ್ಲ.

ಬೆಂಗಳೂರಲ್ಲೇ 1967ರಲ್ಲಿ ಕ್ಯಾಥೊಲಿಕರ ಎನ್.ಬಿ.ಸಿ.ಎಲ್.ಸಿ. ಕೇಂದ್ರ ಶುರುವಾಯಿತು. ಕಟ್ಟಿದವರು ಡಿ.ಎಸ್. ಅಮಲೋರ್‌ಪವದಾಸ್. ಪೂಜೆಯನ್ನು ಭಾರತೀಯ ಮಾಡಬೇಕು ಎಂಬ ಅವರ ಹಂಬಲ ಪ್ರಾಮಾಣಿಕವಾದದ್ದು, ಅದನ್ನು ಅಲ್ಲಗಳೆಯುವುದಿಲ್ಲ. 1969ರಲ್ಲಿ ರೋಮ್ ಒಪ್ಪಿದ ಹನ್ನೆರಡು ಅಂಶಗಳಲ್ಲಿ ಆರತಿ ಬಂತು, ಅಂಜಲಿ ಬಂತು, ಎಣ್ಣೆ ದೀಪ ಬಂತು. ಸಂಸ್ಕೃತ ಶ್ಲೋಕ, ಆಶ್ರಮಗಳೂ ಜೊತೆಗೂಡಿದವು. ಸರಿ ಸ್ವಾಮಿ, ತಮಟೆ ಯಾಕೆ ಬರಲಿಲ್ಲ? ಮಾರಮ್ಮನ ಗುಡಿ ಮುಂದೆ ಕುಣಿದು ಕುಣಿದು ನೋವು ಕಕ್ಕುವ ನಮ್ಮ ಹೆಂಗಸರ ದನಿ ಭಾರತೀಯ ಅಲ್ಲವಾ? ಯಾವ ಗರ್ಭಗುಡಿ ನಮ್ಮನ್ನು ಹೊರಗಿಟ್ಟಿತೋ ಅದರ ಗಂಟೆ ಸದ್ದನ್ನೇ ಇಲ್ಲೂ ಕೇಳಿ ಅಂತ ನಮ್ಮವರಿಗೆ ಹೇಳಿದಂತಾಯಿತು.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ನಾವು ಪಾದ್ರಿಗಳನ್ನು ಬೈದ ಕೂಡಲೇ ಚಪ್ಪಾಳೆ ತಟ್ಟಲು ಕಾದಿರುವವರಿದ್ದಾರೆ. ಅವರ ಚಪ್ಪಾಳೆ ನಮಗೆ ಬೇಡ. ನಮಗೆ ನೀರು ಕೊಡದವರು, ನಾವು ಯಾವ ದೇವರಿಗೆ ಕೈ ಮುಗಿಯಬೇಕು ಅಂತ ಹೇಳೋಕೆ ಯಾರು? ಕರ್ನಾಟಕದ 2022ರ ಮತಾಂತರ ಕಾಯ್ದೆ ನೋಡಿ. ಮೂವತ್ತು ದಿನ ಮೊದಲು ಜಿಲ್ಲಾಧಿಕಾರಿಗೆ ತಿಳಿಸಿ ದೇವರನ್ನು ಬದಲಿಸಬೇಕಂತೆ! ಅಪ್ರಾಪ್ತರು, ಬುದ್ಧಿ ಸ್ವಾಧೀನ ಇಲ್ಲದವರು, ಹೆಂಗಸರು, ಪರಿಶಿಷ್ಟರು, ಇವರನ್ನೆಲ್ಲ ಒಂದೇ ಸಾಲಲ್ಲಿ ಕೂರಿಸಿ, ಇವರ ಮತಾಂತರಕ್ಕೆ ಹೆಚ್ಚಿನ ಶಿಕ್ಷೆ ಇಟ್ಟಿತು. ಅಂದರೆ ನಮಗೆ ಸ್ವಂತ ಬುದ್ಧಿ ಇಲ್ಲ ಅಂತ ಸರ್ಕಾರವೇ ಬರೆದುಕೊಟ್ಟ ಹಾಗೆ. ಅದನ್ನು ರದ್ದು ಮಾಡುವುದಾಗಿ 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಆದರೆ ಆ ಕಾಯ್ದೆ ಬರೆದ ಮನಸ್ಸು ಯಾವ ಸಂಪುಟದ ತೀರ್ಮಾನಕ್ಕೂ ರದ್ದಾಗುವಂಥದ್ದಲ್ಲ.

ಋಣವನ್ನೂ ಮರೆಯುವುದಿಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಜಾತಿ ಬಿಟ್ಟವನು ಅನ್ನವನ್ನೂ ಕಳೆದುಕೊಳ್ಳುತ್ತಾನೆ ಅನ್ನುವುದನ್ನು ಕಣ್ಣಾರೆ ಕಂಡು ಮಗ್ಗ ಹಾಕಿದರು, 1865ರಲ್ಲಿ ಹೆಂಚಿನ ಕಾರ್ಖಾನೆ ಹೂಡಿದರು. ಮೋಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ' ತಂದ. 1853ರಲ್ಲಿ ಬಂದ ಕಿಟ್ಟೆಲ್‌ನ ನಿಘಂಟು ಹೊರಬಂದದ್ದು 1894ರಲ್ಲಿ, ನಲವತ್ತೊಂದು ವರ್ಷದ ಮೇಲೆ. ಅವರೂ ಯಜಮಾನರೇ, ಕಾರ್ಖಾನೆಯ ಗಂಟೆಯೂ ಅವರದೇ. ಆದರೂ ಬಂದ ನೆಲದ ಮಾತು ಕಲಿತರು, ಬಂದವನ ಹೊಟ್ಟೆಪಾಡು ನೋಡಿದರು. ಇವತ್ತಿನ ಅಂತರ-ಸಂಸ್ಕೃತಿ ಪಂಡಿತರಲ್ಲಿ ಎಷ್ಟು ಜನಕ್ಕೆ ಕನ್ನಡ ಬರುತ್ತದೆ, ಕೇಳಿ ನೋಡಿ.

"ಈಗ ದಲಿತ ದೈವಶಾಸ್ತ್ರವೂ ಇದೆಯಲ್ಲ" ಅನ್ನುತ್ತಾರೆ. ಇದೆ, ಮತ್ತು ಅದು ಮೊಳೆತದ್ದು ಇದೇ ಬೆಂಗಳೂರಲ್ಲಿ. 1981ರ ಏಪ್ರಿಲ್‌ನಲ್ಲಿ ಅರವಿಂದ ಪಿ. ನಿರ್ಮಲ್ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ನಿಂತು ಶೂದ್ರ ದೈವಶಾಸ್ತ್ರದ ಮಾತೆತ್ತಿದರು. ಭಾರತೀಯ ಕ್ರೈಸ್ತ ಚಿಂತನೆ ವೇದಾಂತದ ಹಿಂದೆ ಬಿದ್ದಿದೆ, ನಮ್ಮ ಜನದ ಸಂಕಟದಿಂದ ಶುರುಮಾಡಿ ಅಂದರು. ನಮ್ಮಲ್ಲಿ ದಲಿತ ಸಂಘರ್ಷ ಸಮಿತಿ ನೀಲಿ ಬಾವುಟ ಹಿಡಿದು ನಡೆಯುತ್ತಿದ್ದ ಕಾಲವೂ ಅದೇ. ಆದರೆ ಅದು ಪ್ರಶ್ನೆಪತ್ರಿಕೆಯ ಒಂದು ಪ್ರಶ್ನೆಯಾಗಿ ಉಳಿದರೆ ಏನು ಫಲ? ಕ್ಯಾಥೊಲಿಕ್ ಬಿಷಪ್ಪರ ಮಂಡಳಿ 2016ರಲ್ಲಿ, ಸಭೆಯೊಳಗೆ ಅಸ್ಪೃಶ್ಯತೆ ಇದೆ ಅಂತ ತಾನೇ ಒಪ್ಪಿಕೊಂಡಿತು. ಆಗ ಬಂದ ಲೆಕ್ಕದಲ್ಲಿ 1 ಕೋಟಿ 90 ಲಕ್ಷ ಕ್ಯಾಥೊಲಿಕರಲ್ಲಿ 1 ಕೋಟಿ 20 ಲಕ್ಷ ಜನ ದಲಿತರು. 171 ಬಿಷಪ್ಪರಲ್ಲಿ ದಲಿತರು 12. ಬೆಂಚಿನ ಮೇಲೆ ನಾವು, ಪೀಠದ ಮೇಲೆ ಅವರು. ಇದನ್ನು ಸಂಸ್ಕೃತಿ ಭೇದ ಅಂತೀರಾ? ಇದು ಜಾತಿ. ಜಾತಿ ಸಂಸ್ಕೃತಿಯಲ್ಲ, ಅಪರಾಧ.

ಆದ್ದರಿಂದ ಆ ಹುಡುಗನಿಗೆ ನಮ್ಮ ಉತ್ತರ: ಹೋಗು ತಮ್ಮ. ನಮ್ಮಪ್ಪಂದಿರಿಗೆ ಸಿಗದ ಓದು ಯಾವುದೇ ಇರಲಿ, ಅದರ ಬಾಗಿಲು ಒದ್ದು ಒಳಗೆ ಹೋಗು. ಆದರೆ ಮೂರು ಮಾತು ಕಟ್ಟಿಕೊಂಡು ಹೋಗು.

ಒಂದು, ಕ್ಷೇತ್ರಕಾರ್ಯ ಅಂತ ನಿನ್ನನ್ನು ಮತ್ತೆ ಕೇರಿಗೇ ಅಟ್ಟಿದರೆ ಒಪ್ಪಬೇಡ. ಕೇರಿಯನ್ನು ಎಷ್ಟು ಸಲ ಅಳೆಯುತ್ತಾರೆ? ಊರಿನ ಕಡೆ ಹೋಗ್ತೀನಿ ಅನ್ನು. ಜಮೀನಿದ್ದು, ಗೋದಾಮಿಗೆ ಮಾರಿ ದುಡ್ಡು ಕಂಡ ಮನೆಗಳಲ್ಲಿ ನಿನಗೆ ಯಾವ ಲೋಟದಲ್ಲಿ ನೀರು ಕೊಡ್ತಾರೆ, ಅದನ್ನು ಬರಿ. ಸಭೆಯ ಮೇಲ್ಜಾತಿ ಮನೆತನಗಳು ಹೆಣ್ಣು ಗಂಡು ಎಲ್ಲಿ ಹುಡುಕ್ತಾರೆ, ಅದನ್ನು ಬರಿ. ನಮ್ಮ ಕಡೆಯಿಂದ ದಾಟಲಾರದ ಸಂಸ್ಕೃತಿಯ ಗಡಿ ಅದು.

ಎರಡು, ಬರೆದದ್ದನ್ನು ಕನ್ನಡದಲ್ಲಿ ಬರಿ. ಆಗಲ್ಲ ಅಂದರೆ, ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜು 1965ರಿಂದ ಕನ್ನಡದಲ್ಲಿ ಕಲಿಸುತ್ತಿದೆಯಲ್ಲ ಅಂತ ಕೇಳು. ಬರೆದದ್ದನ್ನು ತಂದು ಇದೇ ಜಗಲಿ ಮೇಲೆ ಓದು. ಅಜ್ಜಿಗೆ ಅರ್ಥವಾಗದಿದ್ದರೆ ನಿನ್ನ ಪದವಿ ಇನ್ನೂ ಮುಗಿದಿಲ್ಲ ಅಂತ ತಿಳಿ.

ಮೂರನೆಯದು ನಿನಗಲ್ಲ, ನಿನಗೆ ಕಲಿಸುವವರಿಗೆ. 1950ರ ರಾಷ್ಟ್ರಪತಿ ಆದೇಶದ ಮೂರನೇ ಕಲಮು ಕ್ರೈಸ್ತನಾದ ದಲಿತನನ್ನು ಪರಿಶಿಷ್ಟ ಪಟ್ಟಿಯಿಂದ ಹೊರಗಿಟ್ಟಿದೆ. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಬಾಗಿಲು ತೆರೆಯಿತು, ಇವರಿಗೆ ಇಲ್ಲ. 2007ರಲ್ಲಿ ರಂಗನಾಥ ಮಿಶ್ರಾ ಆಯೋಗ ಆ ಕಲಮು ತೆಗೆಯಿರಿ ಅಂದಿತು, ಯಾರೂ ಕೇಳಲಿಲ್ಲ. 2022ರಲ್ಲಿ ಮತ್ತೊಂದು ಆಯೋಗ ಕೂರಿಸಿದರು. ಈ ನಡುವೆ ನಮ್ಮ ಕೇರಿಗಳಲ್ಲಿ ಸ್ಕಾಲರ್‌ಶಿಪ್ಪಿಗೆ ಒಂದು ಹೆಸರು, ಭಾನುವಾರಕ್ಕೆ ಒಂದು ಹೆಸರು ಇಟ್ಟುಕೊಂಡು ಹೆದರಿ ಬದುಕುವವರಿದ್ದಾರೆ. ದೇವರು ಬದಲಾದರೆ ಊರು ಮುಟ್ಟಿಸಿಕೊಳ್ಳುತ್ತದೆಯಾ? ಇಲ್ಲ. ಜಾತಿ ಹೋಗಲಿಲ್ಲ, ಜಾತಿ ಪತ್ರ ಮಾತ್ರ ಹೋಯಿತು. ನಮ್ಮ ಈ ಇಬ್ಬಂದಿ ಬದುಕಿನ ಮೇಲೆ ಪ್ರಬಂಧ ಬರೆಸಿ ಪದವಿ ಕೊಡುವ ಸಂಸ್ಥೆಗಳೇ, ಮೊದಲು ಇವನ ಫೀಸು ಕಟ್ಟಿ. ಆಮೇಲೆ ಆ ಮೂರನೇ ಕಲಮಿನ ವಿರುದ್ಧ ನಮ್ಮ ಜೊತೆ ಬೀದಿಗೆ ಬನ್ನಿ. ಸೇವೆ ಅಂದರೆ ಅದು.

ಹುಡುಗ ಈ ಬರಹ ಓದಿದ. ಅರ್ಜಿಯಲ್ಲಿ ಧರ್ಮ, ಜಾತಿ ಅಂತ ಎರಡು ಖಾಲಿ ಜಾಗ ಇದೆ, ಏನು ತುಂಬಲಿ ಅಂತ ಕೇಳಿದ. ಅದಕ್ಕೆ ನಮ್ಮಲ್ಲಿ ಉತ್ತರ ಇಲ್ಲ. ಆ ಎರಡು ಖಾಲಿ ಜಾಗ ಮಾಡಿದವರು ಉತ್ತರ ಹೇಳಲಿ.