ವೀಳ್ಯ ಕೊಟ್ಟು ಕರೆಯುತ್ತಿದ್ದವರು ನಾವು



ಗಿರಾಕಿ ಬಾಗಿಲಲ್ಲಿ ಕಂಡ ಕೂಡಲೇ ‘ಬನ್ನಿ, ಕೂತ್ಕೊಳ್ಳಿ’ ಎನ್ನುವುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ದಿಲ್ಲಿಗೆ ಬಂದ ಮೇಲೆ ಅದೇ ಮಾತು ‘ಆಯಿಯೇ ಜಿ, ಬೈಠಿಯೇ’ ಆಯಿತು, ಅಷ್ಟೇ. ಆದರೆ ಹೊರಗಿನವರಿಂದ ಕೆಲಸ ಮಾಡಿಸಿಕೊಳ್ಳಲು ಈ-ಮೇಲ್ ಬರೆಯುವಾಗ ನಮ್ಮ ಈ ಮರ್ಯಾದೆ ಎಲ್ಲಿ ಹೋಗುತ್ತದೋ ತಿಳಿಯದು. ‘ಮೆನು ಡಿಸೈನ್ ಸಂಜೆಯೊಳಗೆ ಕಳಿಸಿ’ ಎಂದು ಇಂಗ್ಲಿಷಿನಲ್ಲಿ ಒಂದು ಸಾಲು. ಮೇಲೆ ಅವರ ಹೆಸರಿಲ್ಲ, ಕೆಳಗೆ ನಮ್ಮ ಹೆಸರಿಲ್ಲ. ನಮ್ಮ ವೃತ್ತಿಯವರ ಇಂಥ ಮೇಲ್‌ಗಳನ್ನು ಬೇಕಾದಷ್ಟು ನೋಡಿದ್ದೇನೆ. ಇದು ಸಣ್ಣ ವಿಷಯವಲ್ಲ ಎಂದು ಹೇಳುವುದಕ್ಕೇ ಈ ನಾಲ್ಕು ಮಾತು.

ಇಂಥವರನ್ನು ಈಗ ಫ್ರೀಲಾನ್ಸರ್ ಎನ್ನುತ್ತಾರೆ. ನಮ್ಮ ಸಂಬಳದ ಪುಸ್ತಕದಲ್ಲಿ ಇವರ ಹೆಸರಿಲ್ಲ. ಇಷ್ಟು ಕೆಲಸಕ್ಕೆ ಇಷ್ಟು ಎಂದು ಮಾಡಿಕೊಟ್ಟು ಬಿಲ್ ಕಳಿಸುವವರು. 1986ರಲ್ಲಿ ಕಾರ್ಕಳ ಕಡೆಯ ಜಯರಾಂ ಬನಾನ್ ಅವರು ಡಿಫೆನ್ಸ್ ಕಾಲೋನಿಯಲ್ಲಿ ‘ಸಾಗರ್’ ತೆರೆದ ಕಾಲದಲ್ಲಿ ಹೋಟೆಲಿನವನಿಗೆ ಬೋರ್ಡ್ ಬರೆಯುವ ಪೇಂಟರ್, ಮೆನು ಅಚ್ಚು ಹಾಕುವ ಪ್ರೆಸ್ಸು ಇದ್ದರೆ ಸಾಕಿತ್ತು. 2008ರಲ್ಲಿ ಇದೇ ದಿಲ್ಲಿಯಲ್ಲಿ ‘ಫುಡೀಬೇ’ ಎಂದು ಶುರುವಾದದ್ದು 2010ರಲ್ಲಿ ‘ಜೊಮ್ಯಾಟೊ’ ಆಯಿತು. ಮೆನು ಮೊಬೈಲಿಗೆ ಹೋಯಿತು, ದೋಸೆಯ ಫೋಟೋ ತೆಗೆಯುವವರು ಬೇಕಾದರು. 2011ರಲ್ಲಿ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ಬಂತು, 2017ರ ಜುಲೈ 1ರಿಂದ ಜಿಎಸ್‌ಟಿ ಬಂತು. ಅದನ್ನೆಲ್ಲ ಆನ್‌ಲೈನ್ ತುಂಬುವವರು ಬೇಕಾದರು. ಕ್ಯಾಟರಿಂಗ್ ಮಾಡುವವರಿಗಂತೂ ಒಂದು ರಾತ್ರಿಯ ಲೆಕ್ಕದಲ್ಲಿ ದೋಸೆ ಕೌಂಟರ್ ನೋಡುವವರು, ಬಡಿಸುವವರು ಎಲ್ಲರೂ ಹೊರಗಿನವರೇ. ಇವರಲ್ಲಿ ಒಬ್ಬರು ಕೈಬಿಟ್ಟರೂ ನಮ್ಮ ಕೆಲಸ ನಿಲ್ಲುತ್ತದೆ.

ನಮ್ಮ ಊರಿನಲ್ಲಿ ಈ ಇಂಗ್ಲಿಷ್ ಶಬ್ದ ಬರುವ ಮೊದಲೇ ಫ್ರೀಲಾನ್ಸರ್‌ಗಳಿದ್ದರು. ಮದುವೆ, ಉಪನಯನಕ್ಕೆ ಬರುವ ಅಡಿಗೆ ಭಟ್ಟರು ಯಾರ ಮನೆಯ ಆಳೂ ಅಲ್ಲ. ಅವರನ್ನು ಗೊತ್ತು ಮಾಡಲು ಯಜಮಾನನೇ ಹೋಗುತ್ತಿದ್ದ. ವೀಳ್ಯದೆಲೆ, ಅಡಿಕೆ, ಮೇಲೊಂದು ನಾಣ್ಯ ಇಟ್ಟು, ‘ಭಟ್ರೇ, ಇಂಥಾ ದಿನ ನೀವೇ ಬಂದು ನಡೆಸಿಕೊಡಬೇಕು’ ಎನ್ನುತ್ತಿದ್ದ. ಯಕ್ಷಗಾನದ ಕಲಾವಿದರನ್ನು ಕರೆಯುವಾಗಲೂ ವೀಳ್ಯವೇ. ಅಲ್ಲಿದ್ದ ಹಣ ಎಷ್ಟೂ ಇರಲಿ, ‘ನಿನ್ನನ್ನು ನಾನು ಆಳಾಗಿ ಕರೆಯುತ್ತಿಲ್ಲ, ಗೌರವದಿಂದ ಕರೆಯುತ್ತಿದ್ದೇನೆ’ ಎಂಬುದು ಅದರ ಅರ್ಥ. ಮೇಲ್‌ನ ಮೊದಲ ಸಾಲಿನ ಸಂಬೋಧನೆ ಮಾಡುವುದೂ ಇದೇ ಕೆಲಸವನ್ನು.

ನಮ್ಮ ಭಾಷೆಯಲ್ಲಿ ‘ಶೆಟ್ರೇ’, ‘ಭಟ್ರೇ’, ‘ರಾಯರೇ’ ಎಂದು ಕರೆಯುತ್ತೇವೆ. ಗೌರವ ಇರುವುದು ಆ ಕೊನೆಯ ‘ರೇ’ಯಲ್ಲಿ. ಅದನ್ನೇ ಇಂಗ್ಲಿಷಿಗೆ ತಂದು ‘ಡಿಯರ್ ಶೆಟ್ಟಿ’ ಎಂದರೆ ‘ರೇ’ ಬಿದ್ದುಹೋಗುತ್ತದೆ. ಇದಿರಿಗೆ ‘ಏ ಶೆಟ್ಟಿ’ ಎನ್ನಲು ಬಾಯಿ ಬಾರದವರೂ ಮೇಲ್‌ನಲ್ಲಿ ಹಾಗೆ ಬರೆದು ಕಳಿಸುತ್ತಾರೆ. ಕನ್ನಡದವರಿಗೆ ಬರೆಯುವಾಗ ‘ಶೆಟ್ರೇ, ನಮಸ್ಕಾರ’ ಎಂದು ಕನ್ನಡದಲ್ಲೇ ಬರೆದರೆ ಏನೂ ಕಮ್ಮಿಯಾಗುವುದಿಲ್ಲ. ದಿಲ್ಲಿಯವರಿಗೆ ಹೆಸರಿನ ಮುಂದೆ ‘ಜಿ’ ಸೇರಿಸಿ. ಆ ಎರಡು ಅಕ್ಷರ ನಮ್ಮ ‘ರೇ’ ಮಾಡುವ ಕೆಲಸವನ್ನೇ ಮಾಡುತ್ತದೆ.

ಎಲ್ಲರಿಗೂ ‘ಡಿಯರ್ ಸರ್’ ಎಂದು ಬರೆದರೆ ಆಗದೇ ಎಂದು ಕೇಳಬಹುದು. ಡಿಸೈನ್, ಫೋಟೋ, ಲೆಕ್ಕಪತ್ರದ ಕೆಲಸದಲ್ಲಿ ಹೆಣ್ಣುಮಕ್ಕಳು ಬಹಳ ಜನ ಇದ್ದಾರೆ. ಹೆಸರು ನೋಡಿ ಊಹಿಸುವುದೂ ಸುಲಭವಲ್ಲ. ನಮ್ಮಲ್ಲಿ ಕಿರಣ್ ಎಂದರೆ ಹುಡುಗ. ಇಲ್ಲಿ ಕಿರಣ್ ಬೇಡಿಯವರನ್ನು ಕಂಡವರಿಗೆ ಕಿರಣ್ ಎಂದರೆ ಹೆಂಗಸು. ಗುರ್‌ಪ್ರೀತ್, ಮನ್‌ಪ್ರೀತ್ ಎಂಬ ಪಂಜಾಬಿ ಹೆಸರು ಗಂಡಸರಿಗೂ ಇದೆ, ಹೆಂಗಸರಿಗೂ ಇದೆ. ಮುಂದೆ ಸಿಂಗ್ ಇದೆಯೋ ಕೌರ್ ಇದೆಯೋ ನೋಡಬೇಕು. ಈಶಾನ್ಯ ರಾಜ್ಯಗಳಿಂದ ಬಂದು ದಿಲ್ಲಿಯಲ್ಲಿ ಕೆಲಸ ಮಾಡುವವರೂ ಬಹಳ. ಮಿಜೋ ಹೆಸರು ಸಾಮಾನ್ಯವಾಗಿ ‘ಆ’ ಎಂದು ಮುಗಿದರೆ ಗಂಡು, ‘ಈ’ ಎಂದು ಮುಗಿದರೆ ಹೆಣ್ಣು. ಇದನ್ನೆಲ್ಲ ನೆನಪಿಡುವುದು ಕಷ್ಟವಾದರೆ ಸುಲಭದ ದಾರಿ ಒಂದಿದೆ: ‘ನಮಸ್ತೆ’ ಎಂದು ಬರೆದು ಅವರ ಹೆಸರನ್ನು ಹಾಕಿ ‘ಜಿ’ ಸೇರಿಸಿ. ಗಂಡು ಹೆಣ್ಣಿನ ಪ್ರಶ್ನೆಯೇ ಬರುವುದಿಲ್ಲ. ಹೆಸರಿನ ಸ್ಪೆಲಿಂಗ್ ಮಾತ್ರ ಅವರು ಬರೆದುಕೊಂಡಂತೆಯೇ ಇರಲಿ. ನಮ್ಮ ಹೋಟೆಲಿನ ಹೆಸರನ್ನು ತಪ್ಪು ಅಚ್ಚು ಮಾಡಿದರೆ ನಾವು ಸುಮ್ಮನಿರುತ್ತೇವೆಯೇ?

ಇನ್ನು ಕೆಲವರು ‘ಹಲೋ ಡಿಯರ್’ ಎಂದು ಬರೆಯುತ್ತಾರೆ. ‘ಡಿಯರ್’ ಜೊತೆಗೆ ಹೆಸರಿದ್ದರೆ ಅದು ಪತ್ರದ ರೀತಿ. ಹೆಸರಿಲ್ಲದ ಬರೀ ‘ಡಿಯರ್’ ಸಲಿಗೆ ಆಗುತ್ತದೆ, ಹೆಣ್ಣುಮಕ್ಕಳಿಗೆ ಇರಿಸುಮುರಿಸು. ಹತ್ತು ಜನ ಫೋಟೋಗ್ರಾಫರ್‌ಗಳ ವಿಳಾಸವನ್ನು ಒಟ್ಟಿಗೆ ಹಾಕಿ ‘ಡಿಯರ್ ಆಲ್, ನಿಮ್ಮ ರೇಟ್ ಹೇಳಿ’ ಎಂದು ಕಳಿಸುವುದೂ ಚೆನ್ನಲ್ಲ. ಅದು ಊಟಕ್ಕೆ ಕರೆದಂತಲ್ಲ, ಹರಾಜು ಕೂಗಿದಂತೆ. ಹತ್ತು ಜನರಿಗೂ ಬೇರೆ ಬೇರೆ ಕಳಿಸಿದರೆ ಆಗುವ ಖರ್ಚು ಹತ್ತು ನಿಮಿಷ.

‘ಕೆಲಸ ಆದರೆ ಸಾಕು, ವಾಟ್ಸಾಪ್ ಕಾಲದಲ್ಲಿ ಇದೆಲ್ಲ ಯಾರಿಗೆ ಬೇಕು’ ಎನ್ನುವ ಮಿತ್ರರಿದ್ದಾರೆ. ಅವರ ಮಾತಿನಲ್ಲೂ ಸ್ವಲ್ಪ ನಿಜವಿದೆ. ಮಾತುಕತೆ ನಡೆಯುತ್ತಿರುವಾಗ ಪ್ರತಿ ಉತ್ತರಕ್ಕೂ ನಮಸ್ಕಾರ ಬೇಕಿಲ್ಲ. ಇಪ್ಪತ್ತಮೂರು ವರ್ಷದ ಹುಡುಗನಿಗೆ ‘ರೆಸ್ಪೆಕ್ಟೆಡ್ ಸರ್’ ಎಂದರೆ ಅವನಿಗೇ ನಾಚಿಕೆ. ನಾನು ಹೇಳುವುದು ಮೊದಲ ಮೇಲ್, ಹೊಸ ಕೆಲಸದ ಮೇಲ್, ಹಣದ ವಿಷಯದ ಮೇಲ್, ಕೆಲಸ ಸರಿಯಾಗಲಿಲ್ಲ ಎಂದು ಬರೆಯುವ ಮೇಲ್. ಈ ನಾಲ್ಕಕ್ಕೆ ಸಂಬೋಧನೆ ಬೇಕೇ ಬೇಕು. ಕೊನೆಯದಕ್ಕಂತೂ ಹೆಚ್ಚು ಬೇಕು. ಹೆಸರು ಹಿಡಿದು ಮರ್ಯಾದೆಯಿಂದ ಹೇಳಿದ ತಕರಾರನ್ನು ಜನ ತಿದ್ದಿಕೊಳ್ಳುತ್ತಾರೆ, ಗದರಿದರೆ ಫೋನೇ ಎತ್ತುವುದಿಲ್ಲ.

ನಷ್ಟ ಯಾರಿಗೆ ಎಂಬುದು ನವೆಂಬರ್ ಬಂದಾಗ ತಿಳಿಯುತ್ತದೆ. ದೇವ್ ಉಠನಿ ಏಕಾದಶಿ ಕಳೆದ ಮೇಲೆ ಇಲ್ಲಿ ಮದುವೆಯ ಸುಗ್ಗಿ. ದಿಲ್ಲಿಯವರು ‘ಸಾಯಾ’ ಎನ್ನುವ ಮುಹೂರ್ತದ ದಿನ ಛತರ್‌ಪುರದ ಫಾರ್ಮ್‌ಹೌಸ್‌ಗಳಿಂದ ಗುರುಗ್ರಾಮ, ನೋಯ್ಡಾದವರೆಗೆ ಎಲ್ಲರಿಗೂ ಅದೇ ರಾತ್ರಿ ದೋಸೆ ಕೌಂಟರ್ ಬೇಕು. ಒಳ್ಳೆಯ ಕೈಯವನಿಗೆ ಅಂದು ನಾಲ್ಕು ಕಡೆಯಿಂದ ಕರೆ. ದರ ನಾಲ್ಕೂ ಕಡೆ ಹೆಚ್ಚುಕಡಿಮೆ ಒಂದೇ. ಅವನು ಹೋಗುವುದು ತನ್ನನ್ನು ಮನುಷ್ಯನೆಂದು ಕಂಡವರ ಕಡೆಗೆ. ಸಂಬಳದವನಾದರೆ ಬೈಗುಳ ನುಂಗಿಕೊಂಡು ಇರಬಹುದು. ಇವನಿಗೆ ಆ ಹಂಗಿಲ್ಲ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಬಾಯಲ್ಲಿ ‘ಜಿ’, ಬಿಲ್‌ಗೆ ‘ನಾಳೆ ಬಾ’ ಎಂದಾದರೆ ಆ ಮರ್ಯಾದೆ ಅವಮಾನಕ್ಕಿಂತ ಕಡೆ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ, ನೋಂದಣಿ ಮಾಡಿಸಿಕೊಂಡ ಸಣ್ಣ ಉದ್ಯಮಿಗೆ ಬರವಣಿಗೆಯ ಒಪ್ಪಂದ ಇದ್ದರೂ 45 ದಿನದೊಳಗೆ ಹಣ ಕೊಡಬೇಕು. ಒಪ್ಪಂದ ಇಲ್ಲದಿದ್ದರೆ 15 ದಿನ. ಆದ್ದರಿಂದ ಮೇಲ್‌ನಲ್ಲಿ ಸಂಬೋಧನೆಯ ಕೆಳಗೇ ಕೆಲಸ ಏನು, ಹಣ ಎಷ್ಟು, ಯಾವಾಗ ಎಂದು ಸ್ಪಷ್ಟ ಬರೆಯಿರಿ. ವೀಳ್ಯದ ಜೊತೆ ನಾಣ್ಯವೂ ಇತ್ತಲ್ಲ.

ಮೇಲ್ ಬರೆಯುವುದು ಬಹಳ ಕಡೆ ಮಾಲೀಕರಲ್ಲ, ಮ್ಯಾನೇಜರೋ ಗಲ್ಲೆಯ ಮೇಲೆ ಕೂತ ಹುಡುಗನೋ. ಅವರು ಏನು ಬರೆದರೂ ಹೋಗುವುದು ಹೋಟೆಲಿನ ಹೆಸರಿನಲ್ಲಿ. ಅದಕ್ಕೆ ಒಂದು ಹಾಳೆಯಲ್ಲಿ ಮಾದರಿ ಬರೆದು ಕಂಪ್ಯೂಟರಿನ ಪಕ್ಕ ಅಂಟಿಸಿ: ಮೇಲೆ ನಮಸ್ತೆ ಮತ್ತು ಹೆಸರು, ನಡುವೆ ವಿಷಯ, ಕೆಳಗೆ ಧನ್ಯವಾದ, ಬರೆದವರ ಹೆಸರು, ಹೋಟೆಲಿನ ಹೆಸರು, ಫೋನ್ ನಂಬರ್. ಶಾಲೆಯಲ್ಲಿ ಪತ್ರಲೇಖನಕ್ಕೆ ಸಂಬೋಧನೆ, ಒಕ್ಕಣೆ, ಸಹಿ ಎಂದು ಕಲಿಸಿದ್ದು ಇಷ್ಟೇ. ಹತ್ತನೇ ಕ್ಲಾಸಿಗೆ ಶಾಲೆ ಬಿಟ್ಟ ನನ್ನಂಥವನಿಗೂ ಅದು ಸಾಕಾಗಿದೆ. ಈ ಸಲದ ಸೀಸನ್ ಶುರುವಾಗುವ ಮೊದಲೇ ಆ ಹಾಳೆ ಗೋಡೆಗೆ ಏರಲಿ ಎಂದು ಸಹೋದ್ಯಮಿಗಳಲ್ಲಿ ನನ್ನ ವಿನಂತಿ.