ಕಿಸಾನ್ ಸಮ್ಮಾನ್ ಹಣ: ಉಳುವವನಿಗೋ, ಪಹಣಿಯಲ್ಲಿ ಹೆಸರಿರುವವನಿಗೋ?

ಬೇಸಾಯ ಮಾಡುವವರಿಗೆಲ್ಲ ಕೇಂದ್ರ ಸರ್ಕಾರ ವರ್ಷಕ್ಕೆ 6,000 ರೂಪಾಯಿ ಕೊಡುತ್ತದೆ ಎಂದು ಅನೇಕರು ನಂಬಿದ್ದಾರೆ. ಶಿವಮೊಗ್ಗದಿಂದ ಸಾಗರಕ್ಕೆ ಹೋಗುವ ದಾರಿಯಲ್ಲಿ ಸಿಗುವ ಆಯನೂರು ಹೋಬಳಿಯನ್ನೇ ತೆಗೆದುಕೊಳ್ಳೋಣ. ಮೆಕ್ಕೆಜೋಳ, ಭತ್ತ, ಅಡಿಕೆ ಬೆಳೆಯುವ ಇಂಥ ಕಡೆ ಒಬ್ಬ ರೈತನ ಖಾತೆಗೆ ಕಂತು ಬಿದ್ದು, ಪಕ್ಕದ ಹೊಲದವನಿಗೆ ಬೀಳದೇ ಹೋಗಬಹುದು. ಆಗ 'ಬ್ಯಾಂಕಿನವರು ನುಂಗಿದರು', 'ಪಕ್ಷ ನೋಡಿ ಕೊಟ್ಟರು' ಎಂಬ ಮಾತು ಹುಟ್ಟುತ್ತದೆ. ಆದರೆ ಮೊದಲು ನೋಡಬೇಕಾದದ್ದು ಪಹಣಿಯನ್ನು.

ಪಿಎಂ-ಕಿಸಾನ್ ಯೋಜನೆ 2019ರ ಫೆಬ್ರುವರಿಯಲ್ಲಿ ಆರಂಭವಾಯಿತು. ಮೊದಲು ಎರಡು ಹೆಕ್ಟೇರ್‌ವರೆಗಿನವರಿಗಷ್ಟೇ ಇದ್ದದ್ದನ್ನು ಅದೇ ವರ್ಷ ಎಲ್ಲ ಹಿಡುವಳಿದಾರರಿಗೂ ವಿಸ್ತರಿಸಿದರು. 2,000 ರೂಪಾಯಿಯ ಮೂರು ಕಂತು. ಹತ್ತು ಗುಂಟೆಯವನಿಗೂ ಹತ್ತು ಎಕರೆಯವನಿಗೂ ಅಷ್ಟೇ. ಆದಾಯ ತೆರಿಗೆ ಕಟ್ಟುವವರು, ಸರ್ಕಾರಿ ನೌಕರರಲ್ಲಿ ಹೆಚ್ಚಿನವರು ಇದಕ್ಕೆ ಸೇರುವುದಿಲ್ಲ. ರಾಜ್ಯ ಸರ್ಕಾರ ಇದರ ಮೇಲೆ ಕೊಡುತ್ತಿದ್ದ 4,000 ರೂಪಾಯಿ 2023ರಲ್ಲಿ ನಿಂತಿತು.

ಲೆಕ್ಕಕ್ಕೆ ಬರುವ ದಿನ 2019ರ ಫೆಬ್ರುವರಿ 1. ಅದರ ನಂತರ ಜಮೀನು ಕೊಂಡವರಿಗೆ ಹಣವಿಲ್ಲ, ಪಿತ್ರಾರ್ಜಿತವಾಗಿ ಬಂದವರಿಗೆ ಉಂಟು. ಅಪ್ಪ ತೀರಿಕೊಂಡ ಮೇಲೂ ಪೌತಿ ಖಾತೆ ಮಾಡಿಸದೆ ಪಹಣಿಯನ್ನು ಹಾಗೇ ಬಿಟ್ಟರೆ ಮಕ್ಕಳಿಗೆ ದುಡ್ಡು ಬರುವುದಿಲ್ಲ. ಮಾಡಿಸಿದರೆ, ಬೇರೆ ಬೇರೆ ಸಂಸಾರ ಹೂಡಿರುವ ಅಣ್ಣತಮ್ಮಂದಿರು ತಮ್ಮ ತಮ್ಮ ಹೆಸರಿನಲ್ಲಿ ಅರ್ಜಿ ಹಾಕಬಹುದು. ಇನ್ನು ಬ್ಯಾಂಕಿನ ವಿಷಯ: ಹಣ ಹೋಗುವುದು ಆಧಾರ್ ಕೊನೆಯದಾಗಿ ಜೋಡಣೆಯಾದ ಖಾತೆಗೆ. ಹಳೆಯ ಪಾಸ್‌ಬುಕ್ಕನ್ನು ಎಷ್ಟು ಸಲ ಮುದ್ರಿಸಿದರೂ ಅಲ್ಲಿ ಕಾಣಿಸದು.

ಇವೆಲ್ಲ ಓಡಾಡಿದರೆ ಸರಿಯಾಗುವ ತೊಡಕುಗಳು. ಗೇಣಿಗೆ ಉಳುವವರದು ಹಾಗಲ್ಲ. ಇದೇ ಜಿಲ್ಲೆಯ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಮಾಡಿದರು. 1974ರ ತಿದ್ದುಪಡಿಯಲ್ಲಿ ಸೈನಿಕರಂಥ ಕೆಲವರನ್ನು ಬಿಟ್ಟು ಗೇಣಿ ಪದ್ಧತಿಯೇ ರದ್ದಾಗಿ, ಅಸಂಖ್ಯಾತ ಒಕ್ಕಲುಗಳು ಭೂಮಾಲೀಕರಾದರು. ದೊಡ್ಡ ಕೆಲಸವೇ. ಆದರೆ ಗೇಣಿ ಬಾಯಿಮಾತಿನಲ್ಲಿ ಉಳಿದುಕೊಂಡಿದೆ, ಕಾನೂನಿನ ಕಣ್ಣಿಗೆ ಮಾತ್ರ ಅದು ಇಲ್ಲ. ಹೀಗಾಗಿ ಇಂದಿನ ಗೇಣಿದಾರ ತಾನು ರೈತನೆಂದು ತೋರಿಸಲು ಕಾಗದವಿಲ್ಲ. ಶರಾವತಿ ಯೋಜನೆಯಲ್ಲಿ ಮುಳುಗಡೆಯಾಗಿ ಶಿವಮೊಗ್ಗ ತಾಲ್ಲೂಕಿಗೆ ಬಂದು ನೆಲೆಸಿದವರಲ್ಲಿ ಹಕ್ಕುಪತ್ರ ಸಿಗದವರ ಪಾಡೂ, ಬಗರ್‌ಹುಕುಂ ಅರ್ಜಿ ಹಾಕಿ ಕಾಯುತ್ತಿರುವವರ ಪಾಡೂ ಇದೇ.

6,000 ರೂಪಾಯಿಯಷ್ಟೇ ಆಗಿದ್ದರೆ ಶುಂಠಿಗೆ ಹಾಕುವ ಗೊಬ್ಬರದ ಮುಂದೆ ಅದೇನು ದೊಡ್ಡದು ಎನ್ನಬಹುದಿತ್ತು. ಆದರೆ ಬೆಂಬಲ ಬೆಲೆಗೆ ಬೆಳೆ ಮಾರಲು ಬೇಕಾಗುವುದು 'ಫ್ರೂಟ್ಸ್' ನೋಂದಣಿ, ಅದು ನಿಂತಿರುವುದು ಪಹಣಿಯ ಮೇಲೆ. 2023ರ ಬರಕ್ಕೆ ರಾಜ್ಯ ಸರ್ಕಾರ ಮೊದಲ ಕಂತಾಗಿ ಗರಿಷ್ಠ 2,000 ರೂಪಾಯಿ ಹಂಚಿದ್ದೂ ಅದೇ ದಾಖಲೆ ನೋಡಿ. ಸಾಲ ಮಾಡಿ ಬಿತ್ತಿದವನ ಜೋಳ ಒಣಗಿದರೆ ಪರಿಹಾರ ಬೆಂಗಳೂರಿನಲ್ಲಿರುವ ಮಾಲೀಕನ ಖಾತೆಗೆ ಹೋಗಬಹುದು. ಅವನು ದೊಡ್ಡ ಮನಸ್ಸು ಮಾಡಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಆಂಧ್ರಪ್ರದೇಶ 2019ರಲ್ಲಿ ಬೇರೆ ದಾರಿ ಹಿಡಿಯಿತು. ಮಾಲೀಕನ ಒಡೆತನಕ್ಕೆ ಧಕ್ಕೆಯಿಲ್ಲದಂತೆ, ಹನ್ನೊಂದು ತಿಂಗಳ ಮಟ್ಟಿಗೆ ಸಾಗುವಳಿದಾರನಿಗೊಂದು ಕಾರ್ಡು. ಅದಕ್ಕೂ ಮಾಲೀಕನ ಸಹಿ ಬೇಕಿತ್ತು. ಜಮೀನು ಕೈತಪ್ಪೀತೆಂಬ ಭಯದಲ್ಲಿರುವ ಮಾಲೀಕ ಸುಲಭವಾಗಿ ಸಹಿ ಹಾಕುವವನಲ್ಲ. ಗೇಣಿದಾರರಿಗೆ ಜಮೀನು ಕೊಟ್ಟ 1974 ಇನ್ನೂ ಎಲ್ಲರ ನೆನಪಿನಲ್ಲಿರುವ ಮಲೆನಾಡಿನಲ್ಲಂತೂ ಆ ಸಹಿ ಇನ್ನಷ್ಟು ಕಷ್ಟ.